ಭಾನುವಾರದ ಚೌಕಗಳು: ಸಕ್ಕರೆ ಕಾಯಿಲೆ ಮತ್ತು ಹೃದಯದ ಒಂದು ಪ್ರಕರಣ ಅಧ್ಯಯನ

ಶಿರಸಿ ಪೇಟೆಯಿಂದ ಹದಿನೈದು ಕಿಲೋಮೀಟರು ಒಳಗಿರುವ ಹಳ್ಳಿಯೊಂದರ 57 ವರ್ಷದ ಗೃಹಿಣಿಯೊಬ್ಬರ ಪ್ರಕರಣವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಆರು ವರ್ಷಗಳಿಂದ ಅವರಿಗೆ ಸಕ್ಕರೆ ಕಾಯಿಲೆ ಇದೆ. ಅದರಲ್ಲಿ ನಾಲ್ಕು ವರ್ಷ ಅವರನ್ನು ನೋಡಿಕೊಂಡ ವೈದ್ಯ ನಾನೇ. ಕಳೆದ ನವೆಂಬರ್ ಕೊನೆಯಲ್ಲಿ ಅವರಿಗೆ ಹೃದಯಾಘಾತವಾಯಿತು. ಅದಕ್ಕೆ ಕೆಲವೇ ದಿನ ಮೊದಲಿನವರೆಗೂ ಅವರ ಮನೆಯವರೆಲ್ಲ, ಅವರ ಜೊತೆಗೆ ನಾನೂ, ಶುಗರ್ ‘ಕಂಟ್ರೋಲ್’ನಲ್ಲಿದೆ ಎಂದೇ ನಂಬಿದ್ದೆವು. ಆ ನಂಬಿಕೆ ಎಲ್ಲಿ ಹುಟ್ಟಿತು, ಎಲ್ಲಿ ತಪ್ಪಿತು ಎಂಬುದೇ ಈ ಬರಹದ ವಿಷಯ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪರೀಕ್ಷೆಯ ಅಂಕಿಗಳನ್ನು ಬದಲಿಸಿಲ್ಲ.

ಮೊದಲು ಅವರ ದಿನಚರಿಯನ್ನು ಹೇಳಬೇಕು, ಏಕೆಂದರೆ ರೋಗಲಕ್ಷಣ ಅಡಗಿ ಕುಳಿತದ್ದು ಅಲ್ಲಿಯೇ. ಈ ಕಡೆಯ ಬಹಳಷ್ಟು ಮನೆಗಳಂತೆ ಅವರ ಮನೆಯೂ ದಿಬ್ಬದ ಮೇಲಿದೆ, ಅಡಿಕೆ ತೋಟ ಕೆಳಗೆ ಕಣಿವೆಯಲ್ಲಿದೆ. ತೋಟದಿಂದ ಮನೆಗೆ ಹತ್ತುವ ಕಾಲುದಾರಿಯ ಅರ್ಧಕ್ಕೆ ಒಂದು ಮುರುಗಲ ಮರ ಸಿಗುತ್ತದೆ. ಮೂವತ್ತು ವರ್ಷ ತಲೆಯ ಮೇಲೆ ಸೊಪ್ಪಿನ ಹೊರೆಯನ್ನೋ ಬಾಳೆಗೊನೆಯನ್ನೋ ಹೊತ್ತು ಆ ದಾರಿಯನ್ನು ಒಂದೇ ಉಸಿರಿಗೆ ಹತ್ತಿದವರು, ಕಳೆದ ಚೌತಿಯ ಹೊತ್ತಿಗೆ ಮುರುಗಲ ಮರದ ಬುಡದಲ್ಲಿ ಒಮ್ಮೆ ನಿಲ್ಲತೊಡಗಿದರು. ನವರಾತ್ರಿಯ ಹೊತ್ತಿಗೆ ನಿಲ್ಲುವುದು ಹೋಗಿ ಕೂರುವುದಾಯಿತು. ದೀಪಾವಳಿ ಕಳೆದು ಅಡಿಕೆಯ ಕೊನೆಕೊಯ್ಲು ಶುರುವಾಗುವ ವೇಳೆಗೆ, ಬರಿಗೈಯಲ್ಲಿ ಹತ್ತಿದರೂ ಅಲ್ಲಿ ಐದು ನಿಮಿಷ ಕೂರದೆ ಮುಂದಕ್ಕೆ ಕಾಲು ಬರುತ್ತಿರಲಿಲ್ಲ.

ಹಾಗೆ ಕೂತಾಗ ಮೈ ಬೆವರುತ್ತಿತ್ತು, ಏದುಸಿರು ಬರುತ್ತಿತ್ತು, ಕೆಳದವಡೆಯ ಎಡಭಾಗದಲ್ಲಿ ಒಂದು ಸೆಳೆತ ಕಾಣಿಸಿಕೊಂಡು ತಾನಾಗಿ ಇಳಿಯುತ್ತಿತ್ತು. ಎದೆನೋವು ಮಾತ್ರ ಒಂದು ದಿನವೂ ಇರಲಿಲ್ಲ. ದವಡೆಯ ಸೆಳೆತಕ್ಕೆ ಕವಳ ಕಾರಣವೆಂದುಕೊಂಡು ಅವರು ಹೊಗೆಸೊಪ್ಪು ಬಿಟ್ಟರು, ಅದೊಂದು ಒಳ್ಳೆಯದಾಯಿತು. ಹಲ್ಲಿಗೆ ಲವಂಗದ ಎಣ್ಣೆ ಹಚ್ಚಿದರು. ಏದುಸಿರಿಗೆ ವಾಯು ಕಾರಣವೆಂದು ಜೀರಿಗೆ ಕಷಾಯ ಕುಡಿದರು, ಪೇಟೆಯಿಂದ ಗ್ಯಾಸಿನ ಮಾತ್ರೆ ತರಿಸಿಕೊಂಡರು. ನನ್ನ ಬಳಿಗೆ ಬಂದದ್ದು ನವೆಂಬರ್ ಎರಡನೆಯ ವಾರದಲ್ಲಿ, ಅದೂ ಮಗನ ಒತ್ತಾಯಕ್ಕೆ.

ದಣಿದಾಗ ಬಂದು, ಕೂತಾಗ ಹೋಗುವ ತೊಂದರೆ ಯಾವ ಜಾಗದಲ್ಲೇ ಇರಲಿ, ದವಡೆ, ಭುಜ, ಬೆನ್ನು, ಹೊಟ್ಟೆಯ ಮೇಲ್ಭಾಗ ಎಲ್ಲೇ ಇರಲಿ, ಅದು ಹೃದಯದ್ದಲ್ಲ ಎಂದು ಖಚಿತವಾಗುವವರೆಗೆ ಹೃದಯದ್ದೇ ಎಂದು ಭಾವಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಬೇಕು. ವರ್ಷಗಟ್ಟಲೆ ಏರಿದ ಸಕ್ಕರೆ ಹೃದಯದಿಂದ ನೋವಿನ ಸುದ್ದಿ ಒಯ್ಯುವ ಸೂಕ್ಷ್ಮ ನರಗಳನ್ನೇ ಮಂಕಾಗಿಸುವುದುಂಟು. ಆಗ ರಕ್ತ ಸಾಲದೆ ಹೃದಯದ ಸ್ನಾಯು ಒದ್ದಾಡುತ್ತಿದ್ದರೂ ಎದೆ ನೋಯುವುದಿಲ್ಲ, ಸುಸ್ತು, ಬೆವರು, ಉಬ್ಬಸ, ಹೊಟ್ಟೆ ತೊಳೆಸುವುದು ಇಷ್ಟೇ ಕಾಣಿಸುತ್ತವೆ. ಮಹಿಳೆಯರಲ್ಲಿ ಇಂತಹ ಲಕ್ಷಣಗಳನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕುವುದು ನಮ್ಮ ಮನೆಗಳಲ್ಲೂ ಇದೆ, ನಮ್ಮ ಕ್ಲಿನಿಕ್ಕುಗಳಲ್ಲೂ ಇದೆ.

ಗೋಡೆಯ ಕ್ಯಾಲೆಂಡರ್

ಅಂದು ಮಗ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಅದು. ಡೇರಿಗೆ ಹಾಕಿದ ಹಾಲಿನ ಲೆಕ್ಕ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬರುವೆನೆಂದ ದಿನ, ಗ್ಯಾಸ್ ಸಿಲಿಂಡರ್ ಬದಲಿಸಿದ ತಾರೀಕು, ಇವುಗಳ ನಡುವೆ ಕೆಂಪು ಶಾಯಿಯಲ್ಲಿ ಸಕ್ಕರೆಯ ಅಂಕಿಗಳಿದ್ದವು: 112, 118, 109, 121, 115. ಎಲ್ಲವೂ ಮನೆಯ ಗ್ಲುಕೋಮೀಟರಿನಲ್ಲಿ ಬೆಳಗಿನ ಖಾಲಿ ಹೊಟ್ಟೆಯಲ್ಲಿ ನೋಡಿದವು. ಇಂತಹ ಫೋಟೋಗಳನ್ನು ಅದಕ್ಕೂ ಮೊದಲು ನಾಲ್ಕೈದು ಬಾರಿ ನೋಡಿ, ‘ಚೆನ್ನಾಗಿದೆ’ ಎಂದು ಹೇಳಿ ಕಳಿಸಿದವನು ನಾನು. ಆ ದಿನ ಮಾತ್ರ ಕೆಂಪು ಅಂಕಿಗಳಿರುವ ಚೌಕಗಳೆಲ್ಲ ಒಂದೇ ಸಾಲಿನಲ್ಲಿರುವುದು ಕಣ್ಣಿಗೆ ಬಿತ್ತು. ಎಲ್ಲವೂ ಭಾನುವಾರಗಳು.

ಏಕೆಂದು ಕೇಳಿದೆ. ಭಾನುವಾರ ಮಗ ಮನೆಯಲ್ಲಿರುತ್ತಾರೆ, ಸೂಜಿ ಚುಚ್ಚಿಕೊಡುವವರು ಅವರೇ ಎಂಬ ಉತ್ತರ ಬಂತು. ಆದರೆ ಶನಿವಾರ ಅವರಿಗೆ ಒಪ್ಪೊತ್ತು. ಮಧ್ಯಾಹ್ನ ಒಂದು ಊಟ, ರಾತ್ರಿ ಒಂದು ಲೋಟ ಮಜ್ಜಿಗೆ, ಅಷ್ಟೇ. ವಾರದ ಏಳು ರಾತ್ರಿಗಳಲ್ಲಿ ಅನ್ನ ಉಣ್ಣದ ಒಂದೇ ಒಂದು ರಾತ್ರಿಯ ಮರುದಿನ ಬೆಳಿಗ್ಗೆ ಅವರ ಸಕ್ಕರೆಯನ್ನು ನೋಡಲಾಗುತ್ತಿತ್ತು. ಇದರಲ್ಲಿ ಯಾರ ವಂಚನೆಯೂ ಇರಲಿಲ್ಲ. ವರ್ಷವಿಡೀ ತೋಟಕ್ಕೆ ಎಷ್ಟು ಮಳೆ ಬಿತ್ತೆಂದು ತಿಳಿಯಲು ಬೇಸಿಗೆಯ ಭಾನುವಾರಗಳಲ್ಲಿ ಮಾತ್ರ ಅಳೆದ ಹಾಗಾಗಿತ್ತು, ಅಷ್ಟೇ.

ಊಟವಾಗಿ ಎರಡು ಗಂಟೆಯ ಮೇಲೆ ಬಂದಿದ್ದರಿಂದ ಅಲ್ಲಿಯೇ ಬೆರಳು ಚುಚ್ಚಿ ನೋಡಿದೆ: 268.

“ಬೆಳಿಗ್ಗೆ ನೋಡಿದ್ರೆ ಸರಿ ಇರ್ತದಲ್ಲ ಡಾಕ್ಟ್ರೇ, ಮತ್ತೆ ಮಧ್ಯಾಹ್ನ ನೋಡೂದು ಎಂತಕ್ಕೆ?” ಎಂದು ಅವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದು, ಉತ್ತರ ಸ್ವಲ್ಪ ಉದ್ದದ್ದು.

ಖಾಲಿ ಹೊಟ್ಟೆಯ ಸಕ್ಕರೆ ಮುಖ್ಯವಾಗಿ ನಮ್ಮ ಯಕೃತ್ತು ರಾತ್ರಿಯಿಡೀ ಎಷ್ಟು ಗ್ಲೂಕೋಸನ್ನು ರಕ್ತಕ್ಕೆ ಬಿಟ್ಟಿತು ಎಂಬುದನ್ನು ತೋರಿಸುತ್ತದೆ. ಊಟದ ನಂತರದ ಸಕ್ಕರೆ, ತಿಂದದ್ದನ್ನು ಸಂಭಾಳಿಸಲು ಮೇದೋಜೀರಕಾಂಗ ತಕ್ಕಷ್ಟು ಇನ್ಸುಲಿನ್ ಅನ್ನು ತಕ್ಕ ಹೊತ್ತಿಗೆ ಕೊಟ್ಟಿತೇ, ಸ್ನಾಯುಗಳು ಆ ಇನ್ಸುಲಿನ್ನಿನ ಮಾತು ಕೇಳಿದವೇ ಎಂಬುದನ್ನು ತೋರಿಸುತ್ತದೆ. ಎರಡೂ ಬೇರೆ ಬೇರೆ ಕೆಲಸಗಳು. ಒಂದು ಸರಿಯಿದ್ದು ಇನ್ನೊಂದು ಕೆಟ್ಟಿರಬಹುದು. ಮೂರು ಹೊತ್ತೂ ಅಕ್ಕಿಯೇ ಆಧಾರವಾಗಿರುವ ನಮ್ಮ ಕರಾವಳಿ ಮತ್ತು ಮಲೆನಾಡಿನ ಊಟದಲ್ಲಿ ಎರಡನೆಯದು ಕೆಟ್ಟಿರುವುದೇ ಹೆಚ್ಚು ಎಂಬುದು ನನ್ನ ಅನುಭವ. ಸಾಮಾನ್ಯವಾಗಿ ಬಳಸುವ ಗಡಿಗಳು ಹೀಗಿವೆ: ಖಾಲಿ ಹೊಟ್ಟೆಯಲ್ಲಿ ಪ್ರತಿ ಡೆಸಿಲೀಟರ್ ರಕ್ತಕ್ಕೆ 100 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಸಹಜ, 126 ಮುಟ್ಟಿದರೆ ಸಕ್ಕರೆ ಕಾಯಿಲೆ; ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡಿದಾಗ 140ಕ್ಕಿಂತ ಕಡಿಮೆಯಿದ್ದರೆ ಸಹಜ, 200 ಮುಟ್ಟಿದರೆ ಕಾಯಿಲೆ. ನಡುವಿನದ್ದು ಕಾಯಿಲೆಯ ಹೊಸ್ತಿಲು.

ಜನ ‘ಮೂರು ತಿಂಗಳ ಶುಗರ್ ಟೆಸ್ಟ್’ ಎಂದು ಕರೆಯುವ ಎಚ್‌ಬಿಎ1ಸಿ ಈ ಎರಡರ ಜಗಳವನ್ನು ಬಗೆಹರಿಸುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟೂ ದಿನ ಸಕ್ಕರೆಯಲ್ಲಿ ತೇಲುತ್ತದೆ, ಅದರೊಳಗಿನ ಹಿಮೋಗ್ಲೋಬಿನ್ನಿಗೆ ಸಕ್ಕರೆ ಮೆಲ್ಲಗೆ ಅಂಟಿಕೊಳ್ಳುತ್ತದೆ. ಎಷ್ಟು ಅಂಟಿದೆಯೆಂದು ನೋಡಿದರೆ ಹಗಲು ರಾತ್ರಿ, ಶನಿವಾರ ಭಾನುವಾರ ಎಲ್ಲ ಸೇರಿದ ಸರಾಸರಿ ಸಿಗುತ್ತದೆ. ಹಿಂದಿನ ರಾತ್ರಿ ಉಪವಾಸವಿದ್ದು ಅದನ್ನು ಇಳಿಸಲು ಬರುವುದಿಲ್ಲ. ಶೇ. 5.7ಕ್ಕಿಂತ ಕಡಿಮೆಯಿದ್ದರೆ ಸಹಜ, 6.5 ಮತ್ತು ಅದಕ್ಕೆ ಮೇಲ್ಪಟ್ಟು ಕಾಯಿಲೆ. ಈ ಪರೀಕ್ಷೆಗೂ ಒಂದು ಕೊರತೆಯಿದೆ: ಕಬ್ಬಿಣದ ಕೊರತೆಯಿಂದ ರಕ್ತಹೀನತೆಯಾಗಿದ್ದರೆ ಅಂಕಿ ಇರುವುದಕ್ಕಿಂತ ಹೆಚ್ಚು ಕಾಣಬಹುದು, ರಕ್ತಕಣಗಳು ಬೇಗ ಒಡೆಯುವ ಕಾಯಿಲೆಗಳಲ್ಲಿ ಕಡಿಮೆ ಕಾಣಬಹುದು. ಹಾಗಾಗಿ ಹಿಮೋಗ್ಲೋಬಿನ್ನನ್ನೂ ಜೊತೆಗೆ ನೋಡಿದೆ, 12.2 ಇತ್ತು.

ವರದಿ ಮರುದಿನ ಬಂತು. ಎಚ್‌ಬಿಎ1ಸಿ 8.1, ಅಂದರೆ ಸರಾಸರಿ ಸುಮಾರು 186. ಹದಿನಾಲ್ಕು ತಿಂಗಳ ಹಿಂದೆ ಅದು 7.2 ಇತ್ತು, ನಡುವೆ ನಾನು ಅದನ್ನು ಮಾಡಿಸಿರಲೇ ಇಲ್ಲ, ಕ್ಯಾಲೆಂಡರಿನ ಫೋಟೋ ನೋಡಿ ಸಮಾಧಾನ ಪಟ್ಟುಕೊಂಡಿದ್ದೆ. ರಕ್ತದೊತ್ತಡ 148/86. ಕೆಟ್ಟದೆನ್ನುವ ಎಲ್‌ಡಿಎಲ್ ಕೊಲೆಸ್ಟರಾಲ್ 138, ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ 212, ಒಳ್ಳೆಯದೆನ್ನುವ ಎಚ್‌ಡಿಎಲ್ ಕೇವಲ 38. ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 64 ಮಿಲಿಗ್ರಾಂ ಆಲ್ಬುಮಿನ್ ಎಂಬ ಪ್ರೋಟೀನು ಸೋರುತ್ತಿತ್ತು, 30 ದಾಟಬಾರದು. ಎತ್ತರ 152 ಸೆಂಟಿಮೀಟರ್, ತೂಕ 58 ಕಿಲೋ, ಸೊಂಟದ ಸುತ್ತಳತೆ 88 ಸೆಂಟಿಮೀಟರ್. ಊರಿನಲ್ಲಿ ಯಾರೂ ಅವರನ್ನು ದಪ್ಪ ಎನ್ನುವುದಿಲ್ಲ. ಆದರೆ ಭಾರತೀಯ ಮಹಿಳೆಯರಿಗೆ ಸೊಂಟದ ಮಿತಿ 80 ಸೆಂಟಿಮೀಟರ್. ನಮ್ಮ ಜನರಲ್ಲಿ ಕೈಕಾಲು ಸಣ್ಣಗಿದ್ದೇ ಹೊಟ್ಟೆಯೊಳಗೆ ಕೊಬ್ಬು ಸೇರುತ್ತದೆ, ತೂಕ ಹೆಚ್ಚಿಲ್ಲದೆಯೂ ಸಕ್ಕರೆ ಕಾಯಿಲೆ ಬರುತ್ತದೆ.

ಎರಡು ವರ್ಷದ ಹಿಂದೆ ಕೊಲೆಸ್ಟರಾಲಿಗೆ ಬರೆದುಕೊಟ್ಟಿದ್ದ ಅಟೋರ್ವಸ್ಟಾಟಿನ್ ಮಾತ್ರೆಯನ್ನು ಅವರು ನಿಲ್ಲಿಸಿ ಒಂದೂವರೆ ವರ್ಷವಾಗಿತ್ತು ಎಂಬುದೂ ಅಂದೇ ತಿಳಿಯಿತು. ಕಾಲು ಹಿಡಿದಂತಾಗುತ್ತಿತ್ತು, ಅದು ಹೃದಯದ ಕಾಯಿಲೆಯವರ ಮಾತ್ರೆ, ನಿನಗೇಕೆ ಎಂದು ನೆಂಟರೊಬ್ಬರು ಹೇಳಿದ್ದರು. ಪ್ರತಿ ಭೇಟಿಯಲ್ಲೂ ‘ಮಾತ್ರೆ ತಗೊಳ್ತಾ ಇದ್ದೀರಲ್ಲ’ ಎಂದು ನಾನು ಕೇಳುತ್ತಿದ್ದೆ, ‘ಹೌದು’ ಎಂದು ಅವರು ಹೇಳುತ್ತಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಶುಗರಿನ ಮಾತ್ರೆ.

ಸಕ್ಕರೆಗೂ ಹೃದಯಕ್ಕೂ ಏನು ಸಂಬಂಧ

ರಕ್ತನಾಳವನ್ನು ನೀರಿನ ಪೈಪಿಗೂ ಕೊಬ್ಬನ್ನು ಅದರಲ್ಲಿ ಕಟ್ಟುವ ಕೆಸರಿಗೂ ಹೋಲಿಸಿ ಹೇಳುವ ರೂಢಿಯಿದೆ. ನಾನೂ ಹಾಗೆಯೇ ಹೇಳುತ್ತಿದ್ದೆ. ಈಗ ಬಿಟ್ಟಿದ್ದೇನೆ, ಏಕೆಂದರೆ ಪೈಪಿಗೆ ಜೀವವಿಲ್ಲ, ರಕ್ತನಾಳಕ್ಕಿದೆ. ನಾಳದ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಒಳಪದರವಿದೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಕ್ಷಣಕ್ಷಣಕ್ಕೂ ತಯಾರಿಸಿ ನಾಳವನ್ನು ಸಡಿಲವಾಗಿಡುತ್ತದೆ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಸಕ್ಕರೆ ಪದೇಪದೇ ಏರಿದಾಗ ಮೊದಲು ಸೋಲುವುದು ಈ ಪದರ. ನಾಳದ ಗೋಡೆಯ ಪ್ರೋಟೀನುಗಳಿಗೆ ಸಕ್ಕರೆ ಅಂಟಿ ಗೋಡೆ ಬಿರುಸಾಗುತ್ತದೆ, ಉರಿಯೂತ ಹುಟ್ಟುತ್ತದೆ, ಎಲ್‌ಡಿಎಲ್ ಕಣಗಳು ಗೋಡೆಯೊಳಗೆ ನುಸುಳಿ ನಿಲ್ಲುತ್ತವೆ. ಇನ್ಸುಲಿನ್ನಿಗೆ ದೇಹ ಮಣಿಯದಿದ್ದಾಗ ಯಕೃತ್ತು ಹೆಚ್ಚು ಟ್ರೈಗ್ಲಿಸರೈಡನ್ನು ರಕ್ತಕ್ಕೆ ಬಿಡುತ್ತದೆ. ಅದರಿಂದ ಎಚ್‌ಡಿಎಲ್ ಇಳಿಯುತ್ತದೆ, ಎಲ್‌ಡಿಎಲ್ ಕಣಗಳು ಸಣ್ಣದಾಗಿ ದಟ್ಟವಾಗುತ್ತವೆ. ರಕ್ತದ ಕಿರುಬಿಲ್ಲೆಗಳೂ (ಪ್ಲೇಟ್‌ಲೆಟ್) ಬೇಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೂತ್ರದಲ್ಲಿ ಸೋರುವ ಆಲ್ಬುಮಿನ್ ಕೇವಲ ಮೂತ್ರಪಿಂಡದ ಸುದ್ದಿಯಲ್ಲ. ಅಲ್ಲಿನ ಸೂಕ್ಷ್ಮನಾಳಗಳು ಸೋರತೊಡಗಿದ್ದರೆ ದೇಹದ ಉಳಿದ ನಾಳಗಳೂ ಕೆಡುತ್ತಿವೆ ಎಂದು ತಿಳಿಯಬೇಕು.

ನೂರಕ್ಕೂ ಹೆಚ್ಚು ಅಧ್ಯಯನಗಳ ಸುಮಾರು ಏಳು ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಉಳಿದ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಸಕ್ಕರೆ ಕಾಯಿಲೆಯವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಸುಮಾರು ಎರಡು ಪಟ್ಟು ಎಂದು ತೋರಿಸಿತು. ಮಹಿಳೆಯರಲ್ಲಿ ಈ ಏರಿಕೆ ಪುರುಷರಿಗಿಂತ ಹೆಚ್ಚು. ಸಹಜವಾಗಿ ಅವರಿಗಿರುವ ರಕ್ಷಣೆಯನ್ನು ಸಕ್ಕರೆ ಕಾಯಿಲೆ ಬಹುಮಟ್ಟಿಗೆ ಕಿತ್ತುಕೊಳ್ಳುತ್ತದೆ. ಖಾಲಿ ಹೊಟ್ಟೆಯ ಅಂಕಿಗಿಂತ ಎರಡು ಗಂಟೆಯ ಅಂಕಿಯೇ ಸಾವಿನ ಅಪಾಯವನ್ನು ಚೆನ್ನಾಗಿ ಸೂಚಿಸುತ್ತದೆ ಎಂದು 1999ರಲ್ಲಿ ಯುರೋಪಿನ ಡಿಕೋಡ್ ಅಧ್ಯಯನ ಹೇಳಿತ್ತು. ಇದನ್ನು ಓದಿ ಊಟದ ನಂತರದ ಸಕ್ಕರೆಯೊಂದನ್ನು ಇಳಿಸಿಬಿಟ್ಟರೆ ಹೃದಯ ಉಳಿಯಿತು ಎಂದು ತೀರ್ಮಾನಿಸುವುದು ಸುಲಭ. ಆದರೆ ಅದು ಸರಿಯಲ್ಲ. ಊಟದ ನಂತರದ ಏರಿಕೆಯನ್ನು ತಗ್ಗಿಸುವ ಅಕಾರ್ಬೋಸ್ ಮಾತ್ರೆಯನ್ನು ಹೃದ್ರೋಗಿಗಳಿಗೆ ಕೊಟ್ಟು ಚೀನಾದಲ್ಲಿ ನಡೆಸಿದ, 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಹೃದಯಾಘಾತಗಳು ಕಡಿಮೆಯಾಗಲಿಲ್ಲ. ಊಟದ ನಂತರದ ಅಂಕಿ ಅಪಾಯವನ್ನು ತೋರಿಸುತ್ತದೆ. ಅಪಾಯ ಮಾತ್ರ ಸಕ್ಕರೆ, ಒತ್ತಡ, ಕೊಲೆಸ್ಟರಾಲ್, ಹೊಗೆಸೊಪ್ಪು, ಮೂತ್ರಪಿಂಡ ಎಲ್ಲವೂ ಸೇರಿ ಆಗಿರುವಂಥದ್ದು. ಈ ರೋಗಿಯ ಮನೆಯಲ್ಲಿ ಇಷ್ಟರಲ್ಲಿ ಒಂದನ್ನು ಮಾತ್ರ ಅಳೆಯಲಾಗುತ್ತಿತ್ತು, ಅದನ್ನೂ ತಪ್ಪು ದಿನದಲ್ಲಿ.

ಆ ಶನಿವಾರ ರಾತ್ರಿ

ಕ್ಲಿನಿಕ್ಕಿನಲ್ಲಿ ತೆಗೆದ ಇಸಿಜಿ ಹೆಚ್ಚುಕಡಿಮೆ ಸಹಜವಾಗಿತ್ತು. ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ಸರಿಯಿದ್ದ ಮಾತ್ರಕ್ಕೆ ಹೃದಯದ ನಾಳಗಳು ಸರಿಯಿವೆ ಎಂದಾಗುವುದಿಲ್ಲ ಎಂದು ಅವರಿಗೆ ಹೇಳಿದೆ. ಆಸ್ಪಿರಿನ್, ಅಟೋರ್ವಸ್ಟಾಟಿನ್ 40 ಮಿಲಿಗ್ರಾಂ, ಮೆಟೊಪ್ರೊಲಾಲ್ ಬರೆದುಕೊಟ್ಟು, ಹುಬ್ಬಳ್ಳಿಗೆ ಹೋಗಿ ಹೃದಯತಜ್ಞರನ್ನು ಕಂಡು ಆಂಜಿಯೋಗ್ರಾಂ ಮಾಡಿಸಿಕೊಳ್ಳಿ, ಈ ವಾರವೇ ಹೋಗಿ ಎಂದೆ. ಅವರು ತಲೆಯಾಡಿಸಿದರು. ಆದರೆ ಕೊನೆಗೌಡ ಸಿಗುವುದು ಕಷ್ಟ, ಸಿಕ್ಕ ದಿನ ಬಿಟ್ಟರೆ ಅಡಿಕೆ ಬಲಿತು ಹೋಗುತ್ತದೆ, ಸುಲಿಯಲು ಬರುವವರಿಗೆ ಅಡುಗೆಯಾಗಬೇಕು. ಈ ಕೊಯ್ಲೊಂದು ಮುಗಿಯಲಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ಇತ್ತೀಚೆಗೆ ಹೊಸದಾಗಿ ಶುರುವಾಗಿ, ದಿನೇದಿನೇ ಕಡಿಮೆ ಶ್ರಮಕ್ಕೂ ಕಾಣಿಸಿಕೊಳ್ಳುತ್ತಿರುವ ಇಂತಹ ತೊಂದರೆಯನ್ನು ವೈದ್ಯಶಾಸ್ತ್ರ ‘ಅಸ್ಥಿರ’ ಎಂಬ ವರ್ಗಕ್ಕೆ ಸೇರಿಸುತ್ತದೆ. ಈ ವಾರ ಎನ್ನುವ ಬದಲು ಇವತ್ತೇ ಎಂದು ಹೇಳಿ, ಆಂಬುಲೆನ್ಸ್ ಕರೆಸಿ, ಅಲ್ಲಿಂದಲೇ ಕಳಿಸಬೇಕಿತ್ತು. ನಾನು ಹಾಗೆ ಮಾಡಲಿಲ್ಲ.

ಹನ್ನೊಂದನೆಯ ದಿನ ಶನಿವಾರ, ಒಪ್ಪೊತ್ತಿನ ದಿನ. ರಾತ್ರಿ ಮೂರು ಗಂಟೆ ಹತ್ತು ನಿಮಿಷಕ್ಕೆ ಅವರಿಗೆ ಎಚ್ಚರವಾಯಿತು. ಮೈಯೆಲ್ಲ ಬೆವರಿ ತಣ್ಣಗಾಗಿತ್ತು, ಒಂದು ಬಾರಿ ವಾಂತಿಯಾಯಿತು. ಹಿಂದಿನ ವರ್ಷ ಇಂತಹದೇ ಒಂದು ಶನಿವಾರ ರಾತ್ರಿ ಬೆವರಿ ನಡುಗಿದಾಗ ಮೀಟರಿನಲ್ಲಿ 62 ತೋರಿಸಿ, ಸಕ್ಕರೆ ನೀರು ಕುಡಿಸಿದೊಡನೆ ಸರಿಹೋಗಿತ್ತು. ಅವರು ಬೆಳಿಗ್ಗೆ ತೆಗೆದುಕೊಳ್ಳುತ್ತಿದ್ದ ಗ್ಲಿಮೆಪಿರೈಡ್ ಮಾತ್ರೆ, ಊಟವಿರಲಿ ಬಿಡಲಿ, ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ರಾತ್ರಿಯ ಊಟ ಬಿಟ್ಟಾಗ ಸಕ್ಕರೆ ಕುಸಿಯುವುದು ಅದರಿಂದ. ಆ ನೆನಪಿನ ಮೇಲೆ ಈ ಸಲವೂ ‘ಆಯಿಗೆ (ಅಮ್ಮನಿಗೆ) ಶುಗರ್ ಲೋ ಆಗಿದೆ’ ಎಂದು ಮಗ ಜೋನಿಬೆಲ್ಲವನ್ನು ನೀರಿನಲ್ಲಿ ಕದಡಿ ಕುಡಿಸಿದರು. ಸರಿಹೋಗುವುದೆಂದು ಕಾದರು. ಸರಿಹೋಗದಿದ್ದಾಗ, ಮೂರೂ ಐವತ್ತಕ್ಕೆ, ಬೆರಳು ಚುಚ್ಚಿ ನೋಡಿದರು: 238. ಕುಡಿಸಿದ ಬೆಲ್ಲದ ಪಾಲು ಅದರಲ್ಲಿತ್ತು, ಆಘಾತಕ್ಕೆ ಸಿಕ್ಕ ದೇಹ ಅಡ್ರಿನಲಿನ್ ಸುರಿಸಿ ಸಕ್ಕರೆಯನ್ನು ಏರಿಸಿಕೊಂಡದ್ದೂ ಇತ್ತು. ತಣ್ಣನೆಯ ಬೆವರು ಸಕ್ಕರೆ ಕುಸಿದಾಗಲೂ ಬರುತ್ತದೆ, ಹೃದಯಾಘಾತದಲ್ಲೂ ಬರುತ್ತದೆ. ಬೇರ್ಪಡಿಸುವ ಸಾಧನ ಮೇಜಿನ ಮೇಲೆಯೇ ಇತ್ತು, ಆದರೆ ಅದನ್ನು ಹಿಡಿದದ್ದು ನಲವತ್ತು ನಿಮಿಷ ತಡವಾಗಿ. ಮೊದಲು ಬೆರಳು ಚುಚ್ಚಿ ಆಮೇಲೆ ಬೆಲ್ಲ ಕೊಡಬೇಕೆಂದು ಅವರಿಗೆ ನಾನೂ ಹೇಳಿಕೊಟ್ಟಿರಲಿಲ್ಲ.

ಪಕ್ಕದ ಮನೆಯ ಜೀಪಿನಲ್ಲಿ ತಾಲೂಕು ಆಸ್ಪತ್ರೆ ಮುಟ್ಟಿದಾಗ ನಾಲ್ಕೂ ಐವತ್ತು. ಇಸಿಜಿಯಲ್ಲಿ ಹೃದಯದ ಕೆಳಗೋಡೆಯ ಆಘಾತ ಸ್ಪಷ್ಟವಾಗಿ ಕಂಡಿತು. ಆಸ್ಪಿರಿನ್ ಅಗಿಸಿ ನುಂಗಿಸಿದರು, ಕ್ಲೊಪಿಡೋಗ್ರೆಲ್ ಕೊಟ್ಟರು, ಐದೂ ಇಪ್ಪತ್ತಕ್ಕೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಹಾಕಿದರು. ಅವರ ತೂಕಕ್ಕೆ 30 ಮಿಲಿಗ್ರಾಂ. ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023–24ರ ಬಜೆಟ್ಟಿನಲ್ಲಿ ಘೋಷಿಸಿದ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ, ಹೊರಗೆ ಸಾವಿರಾರು ರೂಪಾಯಿ ಬೆಲೆಯ ಔಷಧ ಅದು. ಕಟ್ಟಿದ ನಾಳವನ್ನು ತೆರೆಯುವ ಆಂಜಿಯೋಪ್ಲಾಸ್ಟಿಯನ್ನು ಎರಡು ಗಂಟೆಯೊಳಗೆ ಮಾಡಲು ಸಾಧ್ಯವಿದ್ದರೆ ಅದೇ ಮೇಲು. ಸಾಧ್ಯವಿಲ್ಲದಿದ್ದಲ್ಲಿ ಈ ಚುಚ್ಚುಮದ್ದನ್ನು ತಕ್ಷಣ ಕೊಟ್ಟು ಆಮೇಲೆ ಸಾಗಿಸಬೇಕು. ಮುಂಡಗೋಡು, ತಡಸ ದಾಟಿ ಹುಬ್ಬಳ್ಳಿಗೆ ನೂರು ಕಿಲೋಮೀಟರು. ಕುಮಟಾ, ಹೊನ್ನಾವರದವರಿಗೆ ಮಣಿಪಾಲ, ಕಾರವಾರದವರಿಗೆ ಗೋವೆಯ ಬಾಂಬೋಳಿಯ ಆಸ್ಪತ್ರೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಇಲ್ಲಿಯ ಜನ ನಡೆಸಿದ ಅಭಿಯಾನದ ಹಿಂದಿದ್ದದ್ದು ಈ ದೂರದ ಲೆಕ್ಕವೇ. ಈ ಜಿಲ್ಲೆಯಲ್ಲಿ ಹೃದಯಾಘಾತವಾದವರಿಗೆ ತಾಲೂಕು ಆಸ್ಪತ್ರೆಯ ಆ ಒಂದು ಚುಚ್ಚುಮದ್ದು ಎಷ್ಟು ಬೆಲೆಯುಳ್ಳದ್ದೆಂದು ದೊಡ್ಡ ಊರಿನವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ.

ಮರುದಿನ ಹುಬ್ಬಳ್ಳಿಯಲ್ಲಿ ಆಂಜಿಯೋಗ್ರಾಂ ಆಯಿತು. ಬಲ ಪರಿಧಮನಿಯಲ್ಲಿ ಶೇ. 90ರಷ್ಟು ಕಟ್ಟಿದ್ದ ಜಾಗಕ್ಕೆ ಒಂದು ಸ್ಟೆಂಟ್ ಹಾಕಿದರು. ಎಡಭಾಗದ ಮುಖ್ಯನಾಳದಲ್ಲಿ ಶೇ. 50–60ರಷ್ಟು ಇಕ್ಕಟ್ಟು, ಅದೂ ಒಂದೇ ಕಡೆಯಲ್ಲ, ಉದ್ದಕ್ಕೂ ಹರಡಿತ್ತು; ಸಕ್ಕರೆ ಕಾಯಿಲೆಯವರ ನಾಳಗಳಲ್ಲಿ ಹೀಗೆ ಹರಡಿಕೊಂಡ ಇಕ್ಕಟ್ಟು ಸಾಮಾನ್ಯ. ಅದನ್ನು ಔಷಧದಲ್ಲಿಯೇ ನೋಡಿಕೊಳ್ಳುವುದೆಂದಾಯಿತು. ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಅದರ ಪಂಪು ಮಾಡುವ ಶಕ್ತಿ ಶೇ. 45, ಸಹಜವಾಗಿ 55ಕ್ಕೆ ಮೇಲಿರಬೇಕು.

ಆಮೇಲಿನ ಔಷಧ, ಆಮೇಲಿನ ಅನ್ನ

ಹೃದಯಾಘಾತವಾದ ಮೇಲೆ ಮನೆಯವರ ಮೊದಲ ಕೋರಿಕೆ ಸಕ್ಕರೆಯನ್ನು ಪೂರ್ತಿ ಇಳಿಸಿಬಿಡಿ ಎಂಬುದಾಗಿತ್ತು. ಅದಕ್ಕೆ ನಾನು ಒಪ್ಪಲಿಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ಅಕಾರ್ಡ್ ಪ್ರಯೋಗದಲ್ಲಿ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗೆ ಇಳಿಸಲು ಹೊರಟಾಗ ಆ ಗುಂಪಿನಲ್ಲಿ ಸಾವುಗಳು ಕಡಿಮೆಯಾಗುವ ಬದಲು ಹೆಚ್ಚಾಗಿ, 2008ರಲ್ಲಿ ಆ ಭಾಗವನ್ನೇ ನಿಲ್ಲಿಸಬೇಕಾಯಿತು. ಇನ್ನೊಂದು ಕಡೆ, 1977ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಯುಕೆಪಿಡಿಎಸ್ ಅಧ್ಯಯನದಲ್ಲಿ, ಕಾಯಿಲೆ ಪತ್ತೆಯಾದ ಹೊಸತರಲ್ಲಿಯೇ ಸಕ್ಕರೆಯನ್ನು ಹಿಡಿತದಲ್ಲಿಟ್ಟವರಿಗೆ ಪ್ರಯೋಗ ಮುಗಿದು ಹತ್ತು ವರ್ಷದ ಮೇಲೂ ಹೃದಯಾಘಾತ ಸುಮಾರು ಶೇ. 15ರಷ್ಟು ಕಡಿಮೆ ಇತ್ತು. ಎರಡನ್ನೂ ಒಟ್ಟಿಗೆ ಓದಿದಾಗ ನನಗೆ ಕಾಣುವುದು ಇಷ್ಟು: ಬೇಗ ಶುರುಮಾಡಿದ್ದಕ್ಕೆ ಫಲವಿದೆ, ತಡವಾಗಿ ಅವಸರಪಟ್ಟದ್ದಕ್ಕೆ ಇಲ್ಲ. ಇವರಿಗೆ 7ರ ಆಸುಪಾಸು ಸಾಕು, ಕುಸಿತ ಮಾತ್ರ ಬೇಡ ಎಂದು ಗುರಿ ಇಟ್ಟುಕೊಂಡೆವು.

ಆ ಕಾರಣಕ್ಕೇ ಗ್ಲಿಮೆಪಿರೈಡನ್ನು ನಿಲ್ಲಿಸಿ, ಸಕ್ಕರೆಯ ಇನ್ನೊಂದು ಮಾತ್ರೆಯಾದ ಮೆಟ್‌ಫಾರ್ಮಿನ್ ಜೊತೆಗೆ ಎಂಪಾಗ್ಲಿಫ್ಲೋಜಿನ್ ಸೇರಿಸಿದ್ದು. ಹೆಚ್ಚಿನ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಈ ಮಾತ್ರೆ, ಸಕ್ಕರೆ ಕಾಯಿಲೆಯ ಜೊತೆಗೆ ಹೃದ್ರೋಗವೂ ಇದ್ದವರಲ್ಲಿ ಹೃದಯದ ಕಾರಣದ ಸಾವನ್ನು ಶೇ. 38ರಷ್ಟು ಇಳಿಸಿದ್ದನ್ನು 2015ರ ಪ್ರಯೋಗವೊಂದು ತೋರಿಸಿತು. ಸಕ್ಕರೆಯಲ್ಲಿ ಆದ ಸಣ್ಣ ಇಳಿಕೆಯಿಂದ ಇಷ್ಟು ಲಾಭವನ್ನು ವಿವರಿಸಲು ಬರುವುದಿಲ್ಲ. ಹೃದಯದ ಮೇಲಿನ ಮತ್ತು ಮೂತ್ರಪಿಂಡದ ಮೇಲಿನ ಭಾರ ಇಳಿಯುವುದೇ ಅಲ್ಲಿ ದೊಡ್ಡ ಮಾತು. 2025ರ ಮಾರ್ಚಿನಲ್ಲಿ ಭಾರತದಲ್ಲಿ ಇದರ ಪೇಟೆಂಟ್ ಮುಗಿದು ಬೆಲೆ ಇಳಿದದ್ದರಿಂದ ಹಳ್ಳಿಯ ರೋಗಿಗೂ ಇದನ್ನು ಬರೆಯುವುದು ಸಾಧ್ಯವಾಗಿದೆ. ಆದರೆ ಇದನ್ನು ತೆಗೆದುಕೊಳ್ಳುವವರು ಪೂರ್ತಿ ಉಪವಾಸವಿದ್ದರೆ, ವಾಂತಿಭೇದಿಯಾದರೆ, ಸಕ್ಕರೆ ಅಷ್ಟೇನೂ ಏರದೆಯೇ ರಕ್ತ ಆಮ್ಲೀಯವಾಗುವ ಅಪಾಯವಿದೆ. ಆದ್ದರಿಂದ ಶನಿವಾರದ ಒಪ್ಪೊತ್ತಿನ ವಿಚಾರವನ್ನು ಬಿಡಿಸಿ ಮಾತಾಡಬೇಕಾಯಿತು. ವ್ರತ ಬಿಡಿ ಎಂದು ನಾನು ಹೇಳಲಿಲ್ಲ. ರಾತ್ರಿ ಮಜ್ಜಿಗೆಯೊಂದರ ಬದಲು ಸ್ವಲ್ಪ ಅವಲಕ್ಕಿ, ಒಂದು ಹಿಡಿ ನೆನೆಸಿದ ಹೆಸರುಕಾಳು ತೆಗೆದುಕೊಳ್ಳಬಹುದೇ ಎಂದು ಕೇಳಿದೆ. ಫಲಾಹಾರಕ್ಕೆ ಅಡ್ಡಿಯಿಲ್ಲ ಎಂದು ಅವರೇ ದಾರಿ ಹುಡುಕಿಕೊಂಡರು.

ಅಟೋರ್ವಸ್ಟಾಟಿನ್ ಬಗ್ಗೆ ಅವರ ಹಳೆಯ ದೂರು ಮತ್ತೆ ಬಂತು. ಈ ಬಗೆಯ ಸ್ಟಾಟಿನ್ ಮಾತ್ರೆ ತೆಗೆದುಕೊಂಡವರಲ್ಲಿ ಕೆಲವರಿಗೆ ಸ್ನಾಯುನೋವು ಬರುವುದು ನಿಜ. ಆದರೆ ಅದೇ ದೂರಿನಿಂದ ಮಾತ್ರೆ ಬಿಟ್ಟವರಿಗೆ ಒಂದು ತಿಂಗಳು ಸ್ಟಾಟಿನ್, ಒಂದು ತಿಂಗಳು ಔಷಧವಿಲ್ಲದ ಬರಿ ಗುಳಿಗೆ ಕೊಟ್ಟು ನೋಡಿದ 2020ರ ಒಂದು ಸಣ್ಣ ಪ್ರಯೋಗದಲ್ಲಿ, ಸ್ಟಾಟಿನ್ನಿನಲ್ಲಿ ಆದ ತೊಂದರೆಯ ಶೇ. 90ರಷ್ಟು ಬರಿ ಗುಳಿಗೆಯಲ್ಲೂ ಆಗಿತ್ತು. ಇದನ್ನು ಅವರಿಗೆ ಹೇಳಿದಾಗ ಅವರು ನಕ್ಕರು, ಮಾತ್ರೆ ಮಾತ್ರ ಬಿಡಲಿಲ್ಲ. ಜೊತೆಗೆ ರಾಮಿಪ್ರಿಲ್ ಶುರುವಾಯಿತು, ಒತ್ತಡಕ್ಕೂ ಮೂತ್ರದಲ್ಲಿ ಸೋರುವ ಆಲ್ಬುಮಿನ್ನಿಗೂ ಸೇರಿಸಿ.

ಊಟದ ವಿಷಯದಲ್ಲಿ ಅವರ ಮನೆಯ ತಿಳಿವಳಿಕೆ ಹೀಗಿತ್ತು: ಸಕ್ಕರೆ ಬಿಟ್ಟಿದ್ದೇವೆ, ಬೆಲ್ಲ ತೊಂದರೆಯಿಲ್ಲ; ಕುಚ್ಚಲಕ್ಕಿ ಅನ್ನ ಎಷ್ಟುಂಡರೂ ಸರಿ. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯೇ, ಸ್ವಲ್ಪ ಖನಿಜ ಸೇರಿಕೊಂಡ ಮಾತ್ರಕ್ಕೆ ರಕ್ತಕ್ಕೆ ಅದು ಬೇರೆಯಾಗಿ ಕಾಣುವುದಿಲ್ಲ. ಕುಚ್ಚಲಕ್ಕಿ ಬೆಳ್ತಿಗೆ (ಬಿಳಿ) ಅಕ್ಕಿಗಿಂತ ನಿಧಾನವಾಗಿ ಕರಗುವುದು ಹೌದು, ಆದರೆ ತಟ್ಟೆಯ ತುಂಬ ಬಡಿಸಿಕೊಂಡರೆ ಆ ಲಾಭ ಉಳಿಯುವುದಿಲ್ಲ. ಮಾತಿನಲ್ಲಿ ಹೇಳುವುದಕ್ಕಿಂತ ಅವರೇ ನೋಡಲಿ ಎಂದು, ಮನೆಗೆ ಮರಳಿ ಎರಡು ವಾರವಾದ ಮೇಲೆ ಮೂರು ದಿನ ಎಲ್ಲ ಹೊತ್ತೂ ಅಳೆಯಲು ಹೇಳಿದೆ. ಎರಡನೆಯ ದಿನದ ಬೆಳಿಗ್ಗೆ ನಾಲ್ಕು ತೆಳ್ಳೇವು (ಅಕ್ಕಿಯ ತೆಳು ದೋಸೆ), ಮೇಲೆ ಎರಡು ಚಮಚ ಜೋನಿಬೆಲ್ಲ: ತಿನ್ನುವ ಮೊದಲು 131, ಎರಡು ಗಂಟೆಯ ಮೇಲೆ 247. ಮೂರನೆಯ ದಿನ ಎರಡೇ ತೆಳ್ಳೇವು, ಜೋನಿಬೆಲ್ಲದ ಬದಲು ಕಾಯಿಚಟ್ನಿ, ಜೊತೆಗೆ ಒಂದು ಬಟ್ಟಲು ಬೇಯಿಸಿದ ಕಡಲೆ, ತಿಂದಾದ ಮೇಲೆ ಅಂಗಳದಲ್ಲಿ ಹದಿನೈದು ನಿಮಿಷ ಓಡಾಟ: 128ರಿಂದ 169. ನನ್ನ ಆರು ವರ್ಷದ ಉಪದೇಶಕ್ಕಿಂತ ಆ ಎರಡು ಬೆಳಗುಗಳು ಹೆಚ್ಚು ಕೆಲಸ ಮಾಡಿದವು ಎಂದು ಬರೆಯಲು ಹೊರಟು, ನಾನು ಅವರನ್ನು ನೋಡಿದ್ದು ನಾಲ್ಕೇ ವರ್ಷ ಎಂಬುದು ನೆನಪಾಯಿತು. ಉಳಿದ ಎರಡು ವರ್ಷದ ಉಪದೇಶ ಬೇರೆಯವರದ್ದು. ಮಧ್ಯಾಹ್ನ ಮೊದಲು ಪಲ್ಯ, ತಂಬುಳಿ, ಆಮೇಲೆ ಎರಡೇ ಸೌಟು ಅನ್ನ ಎಂದಾಯಿತು. ಉಪ್ಪಿನಕಾಯಿಯ ಮತ್ತು ಹಲಸಿನ ಹಪ್ಪಳದ ಉಪ್ಪಿನ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ.

ಮೂರು ತಿಂಗಳ ನಂತರದ ವರದಿಯಲ್ಲಿ ಎಚ್‌ಬಿಎ1ಸಿ 7.1ಕ್ಕೆ ಇಳಿದಿತ್ತು, ಒತ್ತಡ 126/76. ಎಲ್‌ಡಿಎಲ್ 61 ಇತ್ತು. ಆಘಾತವಾದವರಿಗೆ 55ಕ್ಕಿಂತ ಕೆಳಗೆ ಬೇಕೆಂಬುದರಿಂದ ಕೊಲೆಸ್ಟರಾಲ್ ಇಳಿಸುವ ಎಜೆಟಿಮೈಬ್ ಮಾತ್ರೆಯನ್ನೂ ಸೇರಿಸಿದ್ದೇನೆ. ಮೂತ್ರದ ಆಲ್ಬುಮಿನ್ 64ರಿಂದ 41ಕ್ಕೆ ಬಂದಿದೆ. ಆಯಿಯ ಜೊತೆ ಬಂದಿದ್ದ ಮಗನ ಸೊಂಟವನ್ನೂ ಅಂದು ಅಳೆದೆ, 96 ಸೆಂಟಿಮೀಟರ್. 33ನೆಯ ವಯಸ್ಸಿಗೆ ಅವರ ಎಚ್‌ಬಿಎ1ಸಿ 6.1. ಅಜ್ಜಿ 61ನೆಯ ವಯಸ್ಸಿನಲ್ಲಿ ಮಲಗಿದಲ್ಲಿಯೇ ತೀರಿಕೊಂಡಿದ್ದರು ಎಂಬುದನ್ನು ಅವರು ಆಗ ಹೇಳಿದರು. ಮನೆತನದ ಕಾಯಿಲೆಗಳ ಬಗ್ಗೆ ನಾಲ್ಕು ವರ್ಷದಲ್ಲಿ ನಾನು ಕೇಳಿರದ ಪ್ರಶ್ನೆಗೆ ಸಿಕ್ಕ ಉತ್ತರ ಅದು.

ಕ್ಯಾಲೆಂಡರಿನ ಹೊಸ ಫೋಟೋ ಈಗ ತಿಂಗಳಿಗೊಮ್ಮೆ ಬರುತ್ತದೆ. ಬುಧವಾರ ಖಾಲಿ ಹೊಟ್ಟೆಯದ್ದು, ಶುಕ್ರವಾರ ಊಟದ ನಂತರದ್ದು, ಭಾನುವಾರ ಏನೂ ಇಲ್ಲ. ಫೆಬ್ರುವರಿಯ ಒಂದು ಚೌಕದಲ್ಲಿ 231 ಎಂದಿತ್ತು, ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಆಲೆಮನೆ’ ಎಂದು ಬರೆದಿತ್ತು. ಮುರುಗಲ ಮರದ ಹತ್ತಿರ ಅವರು ಈಗಲೂ ಒಮ್ಮೆ ನಿಲ್ಲುತ್ತಾರೆ, ಕೂರುವುದಿಲ್ಲ. ದವಡೆಯ ಸೆಳೆತ ಮತ್ತೆ ಬಂದಿಲ್ಲ. ಎಡಭಾಗದ ನಾಳದ ಇಕ್ಕಟ್ಟು ಹಾಗೆಯೇ ಇದೆ. ಮಳೆಗಾಲ ಹಿಡಿಯುವ ಮೊದಲು ಹುಬ್ಬಳ್ಳಿಗೆ ಹೋಗಿ ಇನ್ನೊಮ್ಮೆ ಎಕೋ ಮಾಡಿಸುವುದೆಂದು ನಿಗದಿಯಾಗಿದೆ, ಆ ತಾರೀಕೂ ಅದೇ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿದೆ.